ಎಪ್ಪತ್ತೆರಡರಲ್ಲಿ ಒಂದು

ಮನೆಯವರೊಬ್ಬರು ಯುದ್ಧದಲ್ಲಿ ಮಡಿದರೆ ಅವರ ನೆನಪಿಗೆಂದು ಏನನ್ನು ಉಳಿಸಿಕೊಳ್ಳಬೇಕು? ಹಾರ ಹಾಕಿದ ಭಾವಚಿತ್ರ ಎಲ್ಲರ ಮನೆಯಲ್ಲಿಯೂ ಉಂಟು. ಅನುಕೂಲವಿದ್ದವರು ಶಾಲೆಗೊಂದು ಬಹುಮಾನವನ್ನೋ ದತ್ತಿಯನ್ನೋ ಏರ್ಪಡಿಸುವರು. ವಾಯುಪಡೆಯಲ್ಲಿದ್ದವರ ಮನೆಗಳಲ್ಲಿ ಇನ್ನೊಂದು ಪದ್ಧತಿಯನ್ನೂ ಕಾಣಬಹುದು: ಅವರು ಹಾರಿದ ವಿಮಾನದ ಪುಟ್ಟ ಮಾದರಿಯನ್ನು ಕಟ್ಟಿ ಗಾಜಿನ ಪೆಟ್ಟಿಗೆಯಲ್ಲಿಡುವುದು. ಕಳೆದ ವರ್ಷ ನಾವೂ ಅಂಥದೊಂದನ್ನು ಕಟ್ಟಿದೆವು. ಆರು ತಿಂಗಳು ಹಿಡಿಯಿತು. ಕಟ್ಟುತ್ತ ಕಟ್ಟುತ್ತ, ಈ ಕೆಲಸವನ್ನು ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂಬ ವಿಷಯದಲ್ಲಿ ನಮಗೊಂದು ಖಚಿತವಾದ ಅಭಿಪ್ರಾಯ ಮೂಡಿತು. ಅದನ್ನು ತರುಣ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಅಜ್ಜಿಯ ತಮ್ಮ ೧೯೭೧ರ ಡಿಸೆಂಬರಿನ ಒಂದು ರಾತ್ರಿ ಕ್ಯಾನ್‌ಬೆರಾ ಬಾಂಬು ವಿಮಾನದಲ್ಲಿ ಹೋದವರು ಮರಳಿ ಬರಲಿಲ್ಲ. ಆಗ ಅವರಿಗೆ ೨೬ ವರ್ಷ. ಜೊತೆಗಿದ್ದ ಪೈಲಟರೂ ಬರಲಿಲ್ಲ. ಮನೆಯಲ್ಲಿ ನಾವೆಲ್ಲ ಬಾಲ್ಯದಿಂದಲೂ ‘ಪೈಲಟ್ ಮಾವ’ ಎಂದೇ ಅವರನ್ನು ಕರೆಯುತ್ತ ಬಂದವರು. ಆದರೆ ಅವರು ಪೈಲಟರಲ್ಲ. ನ್ಯಾವಿಗೇಟರು, ಎಂದರೆ ವಿಮಾನದ ದಾರಿಯನ್ನು ಲೆಕ್ಕ ಹಾಕಿ ಹೇಳುವವರು. ಈ ಸಂಗತಿ ಅವರ ಸೇವೆಯ ಕಾಗದಗಳಲ್ಲಿ ಸ್ಪಷ್ಟವಾಗಿಯೇ ಇತ್ತು. ಐವತ್ತು ವರ್ಷ ಅದನ್ನು ಯಾರೂ ಗಮನಿಸಿ ಓದಿರಲಿಲ್ಲ. ಮಾದರಿಯನ್ನು ಕಟ್ಟಲು ಕುಳಿತಾಗ ನಾವು ಓದಿದೆವು.

ಮೊದಲು ಪ್ರಮಾಣದ ವಿಚಾರ. ಇಂಥ ಮಾದರಿಗಳಲ್ಲಿ ಬಹು ಬಳಕೆಯಲ್ಲಿರುವುದು ೭೨ರಲ್ಲಿ ೧ ಎಂಬ ಪ್ರಮಾಣ. ಹತ್ತರಲ್ಲಿ ಒಂದು, ನೂರರಲ್ಲಿ ಒಂದು ಎಂದರೆ ಸರಿ. ಈ ಎಪ್ಪತ್ತೆರಡು ಎಲ್ಲಿಂದ ಬಂತು? ಆರು ಅಡಿಗೆ ಎಪ್ಪತ್ತೆರಡು ಅಂಗುಲ. ಆರಡಿಯ ಆಳು ಒಂದಂಗುಲವಾಗಿ ನಿಲ್ಲುವ ಪ್ರಮಾಣವೇ ಇದು. ಮಾದರಿಯ ಅಳತೆಗೋಲು ವಿಮಾನವಲ್ಲ, ಮನುಷ್ಯ! ಇಂಗ್ಲೆಂಡಿನಲ್ಲಿ ೧೯೩೦ರ ದಶಕದಲ್ಲಿಯೇ ಈ ಪ್ರಮಾಣ ಬಳಕೆಗೆ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಅಮೆರಿಕದ ನೌಕಾಪಡೆಯು ತನ್ನ ದೇಶದ ಶಾಲಾ ವಿದ್ಯಾರ್ಥಿಗಳಿಂದ ಇದೇ ಪ್ರಮಾಣದ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಿಕೊಳ್ಳಲು ಹೊರಟಿತು. ಅವುಗಳಿಗೆಲ್ಲ ಕಪ್ಪು ಬಣ್ಣ. ಅಲಂಕಾರಕ್ಕಾಗಿ ಮಾಡಿಸಿದ್ದಲ್ಲ, ಆಕಾಶದಲ್ಲಿ ಕಾಣುವ ಕರಿಯ ಆಕೃತಿಯನ್ನು ನೋಡಿದೊಡನೆ ಇದು ನಮ್ಮದು, ಇದು ಶತ್ರುವಿನದು ಎಂದು ಗುರುತಿಸಲು ಸೈನಿಕರಿಗೆ ಅಭ್ಯಾಸ ಮಾಡಿಸುವುದಕ್ಕಾಗಿ. ಆಕಾರದಲ್ಲಿ ತಪ್ಪಾದರೆ ತಮ್ಮವರ ಮೇಲೆಯೇ ಗುಂಡು ಹಾರುವ ಸಂಭವವಿತ್ತು. ಹೈಸ್ಕೂಲು ಹುಡುಗರು ಕೆತ್ತಿದ ಮರದ ತುಂಡಿಗೆ ಅಷ್ಟು ಜವಾಬ್ದಾರಿ!

ಕ್ಯಾನ್‌ಬೆರಾದ ರೆಕ್ಕೆಯ ಹರವು ಸುಮಾರು ೧೯.೫ ಮೀಟರು. ೭೨ರಿಂದ ಭಾಗಿಸಿದರೆ ೨೭ ಸೆಂಟಿಮೀಟರು. ಮೇಜಿನ ಮೇಲೆ ಚೆನ್ನಾಗಿ ಹಿಡಿಸುತ್ತದೆ. ಉದ್ದವೂ ಹೆಚ್ಚುಕಡಿಮೆ ಅಷ್ಟೆ. ಉದ್ದ ೭೨ರಲ್ಲಿ ಒಂದಾದರೆ ವಿಸ್ತೀರ್ಣ ೭೨ರ ವರ್ಗದಷ್ಟು, ಎಂದರೆ ೫,೧೮೪ರಲ್ಲಿ ಒಂದು ಪಾಲು; ಘನಫಲ ೭೨ರ ಘನದಷ್ಟು, ಎಂದರೆ ೩,೭೩,೨೪೮ರಲ್ಲಿ ಒಂದು ಪಾಲು. ಇದನ್ನು ಗೆಲಿಲಿಯೋ ನಾಲ್ಕು ಶತಮಾನಗಳ ಹಿಂದೆಯೇ ತೋರಿಸಿಕೊಟ್ಟಿದ್ದಾನೆ, ನಮ್ಮ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಕೈಗೆ ಬಂದಾಗಲೇ ಅದರ ಬಿಸಿ ತಿಳಿಯುವುದು. ಪೂರ್ಣ ಭಾರ ಹೊತ್ತ ಕ್ಯಾನ್‌ಬೆರಾ ಸುಮಾರು ೨೫,೦೦೦ ಕಿಲೋಗ್ರಾಂ ತೂಗುತ್ತಿತ್ತು. ಪ್ರಮಾಣಕ್ಕೆ ನಿಷ್ಠವಾದ ಮಾದರಿ ೬೭ ಗ್ರಾಂ ತೂಗಬೇಕು. ಸಾವಿರ ಪೌಂಡಿನ ಒಂದು ಬಾಂಬು ೧.೨ ಗ್ರಾಂ. ಎಪ್ಪತ್ತು ಕಿಲೋಗ್ರಾಮಿನ ಒಬ್ಬ ಮನುಷ್ಯ ೦.೧೯ ಗ್ರಾಂ, ಗಾತ್ರದಲ್ಲಿ ಒಂದು ಕಡಲೆಕಾಳಿಗಿಂತ ತುಸು ಕಿರಿದು.

ಪ್ರಮಾಣವನ್ನು ಕೊನೆಯವರೆಗೆ ಪಾಲಿಸಲು ಸಾಧ್ಯವೇ ಇಲ್ಲವೆಂಬುದು ಕೆಲವೇ ದಿನಗಳಲ್ಲಿ ಅರಿವಾಗುತ್ತದೆ. ಮೂರು ಸಲ ಬಳಿದ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಎಂದಿಟ್ಟುಕೊಳ್ಳೋಣ. ನಿಜ ವಿಮಾನದ ಮೇಲೆ ಅದು ೩.೬ ಮಿಲಿಮೀಟರಿನ ಲೇಪವಾದಂತೆ. ಗೋಡೆಗೆ ಗಾರೆ ಮಾಡಿದ ಹಾಗೆ. ಲೋಹದ ತಗಡುಗಳು ಕೂಡುವಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಕೊರೆದಿರುವ ಗೀರು ಎರಡು ದಶಾಂಶ ಮಿಲಿಮೀಟರು ಅಗಲವಿದ್ದರೆ, ನಿಜದಲ್ಲಿ ಅದು ೧೪ ಮಿಲಿಮೀಟರಿನ ಬಿರುಕು. ಬೆರಳ ತುದಿ ಅದರೊಳಕ್ಕೆ ಹೋದೀತು. ಹಾಗೆ ಬಿರುಕು ಬಿಟ್ಟ ವಿಮಾನವನ್ನು ಯಾವ ಪೈಲಟನೂ ಹತ್ತಲಾರ. ಆದರೂ ಗೀರಿಲ್ಲದ ಮಾದರಿ ಕಣ್ಣಿಗೆ ಸಪ್ಪೆಯೆನಿಸುವುದರಿಂದ ಎಲ್ಲರೂ ಗೀರು ಕೊರೆಯುತ್ತಾರೆ. ಮಾದರಿ ಕಟ್ಟುವವರಲ್ಲಿ ಇನ್ನೊಂದು ಮಾತು ಪ್ರಚಾರದಲ್ಲಿದೆ: ದೂರದ ವಸ್ತು ಗಾಳಿಯ ಮೂಲಕ ಮಸುಕಾಗಿ ಕಾಣುವುದರಿಂದ ಮಾದರಿಯ ಬಣ್ಣಕ್ಕೆ ಬಿಳಿಯನ್ನು ಬೆರೆಸಬೇಕಂತೆ. ನಾವು ಲೆಕ್ಕ ಹಾಕಿ ನೋಡಿದೆವು. ಮಾದರಿಯನ್ನು ೩೦ ಸೆಂಟಿಮೀಟರು ದೂರದಿಂದ ನೋಡುವುದು ನಿಜ ವಿಮಾನವನ್ನು ೨೧.೬ ಮೀಟರು ದೂರದಿಂದ ನೋಡಿದಂತೆ. ತರಗತಿಯ ಕೊಠಡಿ ಎರಡರಷ್ಟು ದೂರ. ಅಷ್ಟು ದೂರದಲ್ಲಿ ಯಾವ ಮಂಜೂ ಬಣ್ಣವನ್ನು ಮಸುಕು ಮಾಡದು. ಈ ವಿಷಯದಲ್ಲಿ ನಾವು ಹಲವರ ವಿರೋಧ ಕಟ್ಟಿಕೊಂಡಿದ್ದೇವೆ, ಇರಲಿ.

ಇನ್ನು ಹಾರಾಟದ ಮಾತು ಬಂದರೆ ಮಾದರಿಗೂ ವಿಮಾನಕ್ಕೂ ಹೋಲಿಕೆಯೇ ಇಲ್ಲವೆನ್ನಬೇಕು. ಆಕಾರವೊಂದೇ ಆದರೂ ಸಣ್ಣ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆ ಬೇರೆ. ಇದಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂಬ ಅಳತೆಯುಂಟು. ಈ ತೊಡಕನ್ನು ತಪ್ಪಿಸಲು ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಕುರ್ಟ್ ಟಾಂಕ್ ಅವರ ತಂಡವು ಮಾರುತ್ ಜೆಟ್ ವಿಮಾನವನ್ನು ರೂಪಿಸುವಾಗ ಅದೇ ಆಕಾರದ, ಅದೇ ಗಾತ್ರದ, ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಕಟ್ಟಿ ೧೯೫೯ರಲ್ಲಿ ಹಾರಿಸಿ ನೋಡಿತು. ಒಂದರಲ್ಲಿ ಒಂದು ಎಂಬ ಪ್ರಮಾಣದ ಮಾದರಿ ಅದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ಯಾನ್‌ಬೆರಾ ವಿಮಾನವು ಇಂಗ್ಲೆಂಡಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಡಬ್ಲ್ಯು. ಇ. ಡಬ್ಲ್ಯು. ಪೆಟರ್ ಎಂಬ ಎಂಜಿನಿಯರರ ಮುಂದಾಳುತನದಲ್ಲಿ ರೂಪುಗೊಂಡು ೧೯೪೯ರ ಮೇ ೧೩ರಂದು ಮೊದಲ ಸಲ ಹಾರಿತು. ಇದೇ ಪೆಟರ್ ಅನಂತರ ಬೇರೊಂದು ಕಂಪನಿಗೆ ಹೋಗಿ ರಚಿಸಿದ ನ್ಯಾಟ್ ಎಂಬ ಪುಟ್ಟ ಹೋರಾಟದ ವಿಮಾನವೇ ಮುಂದೆ ಬೆಂಗಳೂರಿನಲ್ಲಿ ತಯಾರಾದುದು. ಭಾರತ ಸರಕಾರವು ೧೯೫೭ರಲ್ಲಿ ಕ್ಯಾನ್‌ಬೆರಾಗಳನ್ನು ಕೊಳ್ಳಲು ನಿಶ್ಚಯಿಸಿತು. ಅವು ಗೋವಾ, ಕಾಂಗೋ, ೧೯೬೫ ಮತ್ತು ೧೯೭೧ರ ಯುದ್ಧಗಳೆಲ್ಲವನ್ನೂ ಕಂಡು ೨೦೦೭ರಲ್ಲಿ ನಮ್ಮ ವಾಯುಪಡೆಯಿಂದ ನಿವೃತ್ತವಾದುವು. ಅರ್ಧ ಶತಮಾನದ ಸೇವೆ. ಈ ವಿಮಾನದ ಗುಣಗಳನ್ನು ಕೊಂಡಾಡುವ ಪುಸ್ತಕಗಳು ಬೇಕಾದಷ್ಟಿವೆ; ಅದು ಯೋಗ್ಯ ಹೊಗಳಿಕೆಯೇ.

ನಮ್ಮ ವಾಯುಪಡೆಯಲ್ಲಿ ಬಾಂಬು ಹಾಕುವ ಕೆಲಸಕ್ಕಿದ್ದುದು ಬಿ-ಐ-೫೮ ಎಂಬ ರೂಪ. ಅದರಲ್ಲಿ ಇಬ್ಬರು ಮಾತ್ರ. ಪೈಲಟನದು ಒಡಲಿನ ಮೇಲೆ ಎಡಕ್ಕೆ ಸರಿದ, ಗುಳ್ಳೆಯಂಥ ಗಾಜಿನ ಮುಚ್ಚಳದ ಕೆಳಗಿನ ಜಾಗ. ನ್ಯಾವಿಗೇಟರನದು ಮುಂದೆ, ಮೂತಿಯೊಳಗೆ. ಅಲ್ಲಿ ನಕ್ಷೆ ಹರವಿಕೊಳ್ಳಲು ಒಂದು ಪುಟ್ಟ ಮೇಜು. ಬಾಂಬಿನ ಗುರಿ ಹಿಡಿಯುವಾಗ ಬೋರಲು ಮಲಗಿ ತುದಿಯ ಗಾಜಿನಿಂದ ನೋಡಬೇಕು. ಪೈಲಟನ ಆಸನ ಎಜೆಕ್ಷನ್ ಸೀಟು: ಅಪಾಯವೊದಗಿದಾಗ ಹಿಡಿಯನ್ನೆಳೆದರೆ ಆಸನವೇ ಆತನನ್ನು ಹೊರಕ್ಕೆ ಚಿಮ್ಮಿಸುತ್ತದೆ. ನ್ಯಾವಿಗೇಟರನಿಗೆ ಅಂಥ ಆಸನವಿರಲಿಲ್ಲ. ಅವನ ತಲೆಯ ಮೇಲಿದ್ದುದು ಗಟ್ಟಿ ಛಾವಣಿ. ಅವನು ಪಟ್ಟಿ ಬಿಚ್ಚಿ, ಎದ್ದು, ಬಲಮಗ್ಗುಲಿನ ಬಾಗಿಲನ್ನು ತೆರೆದು, ಹೊರಕ್ಕೆ ಹಾರಿ, ಧುಮುಕುಕೊಡೆಯನ್ನು ಬಿಚ್ಚಿಕೊಳ್ಳಬೇಕು.

ಇದು ವಿಜ್ಞಾನಕ್ಕೆ ಅಸಾಧ್ಯವಾಗಿದ್ದ ಕೆಲಸವೆಂದು ವಾಚಕರು ಭಾವಿಸಬಾರದು. ಇದಕ್ಕೆ ಮೊದಲು ಬಂದ ಬಿ-೨ ಎಂಬ ರೂಪದಲ್ಲಿ ಮೂವರಿಗೂ ಎಜೆಕ್ಷನ್ ಸೀಟುಗಳಿದ್ದುವು. ಅನಂತರ ಬಂದ ಪಿ.ಆರ್.-೯ ಎಂಬ ರೂಪದಲ್ಲಿ ಮೂತಿಯನ್ನೇ ಕೀಲಿನ ಮೇಲೆ ತೆರೆಯುವಂತೆ ಮಾಡಿ ನ್ಯಾವಿಗೇಟರನಿಗೂ ಅಂಥ ಆಸನವನ್ನು ಕೊಟ್ಟರು. ನಡುವಿನ ರೂಪದಲ್ಲಿ ಮಾತ್ರ ಇಲ್ಲ. ಪೈಲಟನಿಗೆ ಸುತ್ತಲ ನೋಟ ಚೆನ್ನಾಗಿ ದೊರೆಯಲೆಂದು ಮುಂಭಾಗವನ್ನು ಹೊಸದಾಗಿ ರಚಿಸಿದಾಗ ಇನ್ನೊಬ್ಬನ ಆಸನ ಹೋಯಿತು. ಎಂಜಿನಿಯರರು ಯಾವಾಗಲೂ ಒಂದನ್ನು ಪಡೆಯಲು ಒಂದನ್ನು ಬಿಡುತ್ತಾರೆ. ಏನನ್ನು ಬಿಟ್ಟರು, ಅದನ್ನು ಕಳೆದುಕೊಂಡವರು ಯಾರು ಎಂದು ಕೇಳುವ ಹಕ್ಕು ಮಾತ್ರ ನಮಗುಂಟು.

ಇಲ್ಲಿ ಸ್ವಲ್ಪ ಕಾಲದ ಲೆಕ್ಕವನ್ನೂ ನೋಡಬಹುದು. ೧೫೦ ಮೀಟರು ಎತ್ತರದಿಂದ ಒಂದು ವಸ್ತು ಕೆಳಗೆ ಬೀಳಲು, ಗಾಳಿಯ ತಡೆಯನ್ನು ಬಿಟ್ಟರೆ, ೫.೫ ಸೆಕೆಂಡು ಬೇಕು. ಆ ಎತ್ತರವನ್ನೂ ೭೨ರಿಂದ ಭಾಗಿಸಿ ಮಾದರಿಯನ್ನು ೨.೦೮ ಮೀಟರು ಎತ್ತರದಿಂದ ಬಿಟ್ಟರೆ ೦.೬೫ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಕಾಲವು ೭೨ರಲ್ಲಿ ಒಂದಾಗಲಿಲ್ಲ. ೭೨ರ ವರ್ಗಮೂಲದಂತೆ ಎಂಟೂವರೆಯಲ್ಲಿ ಒಂದಾಯಿತು. ಚಲಚ್ಚಿತ್ರದವರು ಪುಟ್ಟ ಮಾದರಿಗಳನ್ನು ಬೀಳಿಸಿ ಚಿತ್ರ ತೆಗೆಯುವಾಗ ಕ್ಯಾಮರಾವನ್ನು ಅಷ್ಟೇ ಪಟ್ಟು ವೇಗವಾಗಿ ಓಡಿಸಿ, ತೋರಿಸುವಾಗ ನಿಧಾನಿಸುವುದು ಈ ಕಾರಣದಿಂದಲೇ. ಮಾದರಿಯನ್ನು ಬೀಳಿಸುವ ಪ್ರಯೋಗವನ್ನು ನಾವು ಮಾಡಲಿಲ್ಲವೆಂದು ಹೇಳಬೇಕಾಗಿಲ್ಲ. ಆದರೆ ತರಗತಿಯಲ್ಲಿ ಐದೂವರೆ ಸೆಕೆಂಡುಗಳನ್ನು ಗಡಿಯಾರ ಹಿಡಿದು ಎಣಿಸಿ, ಅಷ್ಟರಲ್ಲಿ ಬೆಂಚಿನಿಂದೆದ್ದು ಬಾಗಿಲು ತೆರೆದು ಹೊರಗೆ ಹೋಗಿರೆಂದು ಹುಡುಗರಿಗೆ ಹೇಳಿದೆವು. ಮುಂದಿನ ಬೆಂಚಿನವರು ಇಬ್ಬರು ಹೋದರು. ಅವರು ಪಟ್ಟಿ ಬಿಗಿದುಕೊಂಡಿರಲಿಲ್ಲ, ಕತ್ತಲೆಯಿರಲಿಲ್ಲ, ಕೊಠಡಿ ಓಲಾಡುತ್ತಿರಲಿಲ್ಲ. ಆಗಿನ ಎಜೆಕ್ಷನ್ ಸೀಟುಗಳಿಗೂ ಎತ್ತರದ ಮಿತಿಯಿತ್ತು, ಪೈಲಟನ ಪ್ರಾಣಕ್ಕೂ ಭರವಸೆಯಿರಲಿಲ್ಲವೆಂಬುದನ್ನು ಮರೆಯಬಾರದು. ನಮ್ಮ ಮಾವನ ವಿಮಾನದಲ್ಲಿ ಪೈಲಟರೂ ಉಳಿಯಲಿಲ್ಲವಷ್ಟೆ.

ಕಟ್ಟುವ ಕೆಲಸದಲ್ಲಿ ನಮಗೆದುರಾದ ಮೊದಲ ಧರ್ಮಸಂಕಟವೂ ಈ ಮೂತಿಯದೇ. ಮೂಗಿನ ಕೆಳಗೆ ಒಂದು, ರೆಕ್ಕೆಗಳ ಕೆಳಗೆ ಎರಡು, ಹೀಗೆ ಮೂರು ಕಾಲುಗಳ ಮೇಲೆ ನಿಲ್ಲುವ ವಿಮಾನವಿದು. ಪ್ಲಾಸ್ಟಿಕ್ ಮಾದರಿಯ ತೂಕವೆಲ್ಲ ಹಿಂದೆ. ಆದುದರಿಂದ ಬಾಲ ಊರಿ ಕುಳಿತುಬಿಡುತ್ತದೆ. ಸೂಚನೆಯ ಹಾಳೆಯಲ್ಲಿ, ಮೂತಿಯೊಳಗೆ ಸೀಸದ ಭಾರವನ್ನು ತುಂಬಿರೆಂದು ಬರೆದಿತ್ತು. ಮೂತಿಯೊಳಗೆ, ಎಂದರೆ ನ್ಯಾವಿಗೇಟರನ ಕೋಣೆಯಲ್ಲಿ! ನಮಗೆ ಬೇಕಾಗಿದ್ದ ೧೨ ಗ್ರಾಂ ಸೀಸ ಒಂದು ಘನ ಸೆಂಟಿಮೀಟರಿಗಿಂತ ತುಸು ಹೆಚ್ಚು ಸ್ಥಳ ಹಿಡಿಯುತ್ತದೆ. ಆ ಪ್ರಮಾಣದಲ್ಲಿ ಐದಾರು ಮಂದಿಯ ಗಾತ್ರ. ಹೊರಗಿನಿಂದ ಕಾಣುವುದಿಲ್ಲ, ತುಂಬಿಬಿಡು ಎಂದು ತಮ್ಮ ಹೇಳಿದ. ಸನ್ನೆಗೋಲಿನ ನಿಯಮ ಅಲ್ಲಿ ನಮಗೆ ಸಹಾಯಕ್ಕೆ ಬಂತು. ಚಕ್ರಗಳಿಂದ ಹತ್ತು ಸೆಂಟಿಮೀಟರು ಮುಂದಿಡುವ ೧೨ ಗ್ರಾಂ ಮಾಡುವ ಕೆಲಸವನ್ನು ನಾಲ್ಕು ಸೆಂಟಿಮೀಟರು ಮುಂದಿಡುವ ೩೦ ಗ್ರಾಂ ಮಾಡಬಲ್ಲುದು. ಎಂಜಿನ್ನುಗಳ ಕವಚ ರೆಕ್ಕೆಗಿಂತ ಮುಂದಕ್ಕೆ ಚಾಚಿಕೊಂಡಿರುವುದರಿಂದ ಎರಡರಲ್ಲಿಯೂ ಹದಿನೈದು ಹದಿನೈದು ಗ್ರಾಂ ಹಾಕಿದೆವು. ಮಾದರಿ ಹೆಚ್ಚು ಭಾರವಾಯಿತು, ಕಾಲುಗಳಿಗೆ ತಂತಿಯ ಊರೆ ಕೊಡಬೇಕಾಯಿತು. ಮೂತಿ ಖಾಲಿ ಉಳಿಯಿತು.

ಆ ಖಾಲಿ ಜಾಗದಲ್ಲಿ ಮೇಜು, ಆಸನ, ನಕ್ಷೆ, ದೀಪ, ಬಾಗಿಲು ಎಲ್ಲವನ್ನೂ ಚಿತ್ರಗಳನ್ನು ನೋಡಿ ತೆಳುವಾದ ಹಾಳೆಯಿಂದ ಕತ್ತರಿಸಿ ಮಾಡಿದೆವು. ಎರಡು ತಿಂಗಳು ಅದಕ್ಕೇ ಹೋಯಿತು. ಒಡಲಿನ ಎರಡು ಹೋಳುಗಳನ್ನು ಅಂಟಿಸಿದ ಮೇಲೆ ಅದರ ಬಹುಭಾಗ ಕಾಣುವುದೇ ಇಲ್ಲ. ನಮ್ಮ ಸಹೋದ್ಯೋಗಿಗಳಲ್ಲೊಬ್ಬರು ಇದನ್ನು ವ್ಯರ್ಥಶ್ರಮವೆಂದರು. ನಮ್ಮ ಮಟ್ಟಿಗೆ ಮಾದರಿಯಲ್ಲಿ ಶ್ರಮ ಸಾರ್ಥಕವಾದುದು ಆ ಒಂದು ಜಾಗದಲ್ಲಿ ಮಾತ್ರ.

ನಕ್ಷೆಯ ಮೇಲೆ ನಾವೊಂದು ತ್ರಿಕೋನವನ್ನೂ ಸೂಜಿಯ ಮೊನೆಯಿಂದ ಗೀಚಿದೆವು. ಗಂಟೆಗೆ ೭೨೦ ಕಿಲೋಮೀಟರು ವೇಗದಲ್ಲಿ ಹೋಗುವ ವಿಮಾನಕ್ಕೆ ಅಡ್ಡಗಾಳಿ ೭೨ ಕಿಲೋಮೀಟರು ವೇಗದಲ್ಲಿ ಬೀಸುತ್ತಿದ್ದರೆ, ಒಂದು ಗಂಟೆಯಲ್ಲಿ ಅದು ದಾರಿಯಿಂದ ೭೨ ಕಿಲೋಮೀಟರು ಪಕ್ಕಕ್ಕೆ ಸರಿದಿರುತ್ತದೆ. ಸರಿಯಾದ ಊರಿಗೆ ಹೋಗಬೇಕಾದರೆ ಗಾಳಿಗೆ ಎದುರಾಗಿ ಸುಮಾರು ಐದು ಮುಕ್ಕಾಲು ಡಿಗ್ರಿ ತಿರುಗಿಕೊಂಡೇ ಹಾರಬೇಕು. ಸದಿಶಗಳ ಕೂಡಿಕೆಯೆಂದು ನಾವು ಪಿ.ಯು.ಸಿ. ತರಗತಿಯಲ್ಲಿ ಕಲಿಸುವುದೂ ಇದನ್ನೇ. ಮಾವನ ಟ್ರಂಕಿನಲ್ಲಿ ದೊರೆತ ದುಂಡನೆಯ ಲೆಕ್ಕದ ತಟ್ಟೆಯಲ್ಲಿ ಇದನ್ನು ಅರ್ಧ ನಿಮಿಷದಲ್ಲಿ ಬಿಡಿಸಬಹುದು. ದೀಪಗಳನ್ನೆಲ್ಲ ಆರಿಸಿದ ದೇಶದ ಮೇಲೆ, ಕತ್ತಲಲ್ಲಿ, ಕೆಂಪು ದೀಪದ ಮುಂದೆ ಮತ್ತೆ ಮತ್ತೆ ಈ ತ್ರಿಕೋನವನ್ನು ಬಿಡಿಸುತ್ತ ಹೋಗುವುದೇ ಅವರ ಕೆಲಸವಾಗಿತ್ತು. ಪೈಲಟ್ ಮಾವನೆಂದು ಕರೆದು ಇಷ್ಟು ವರ್ಷ ನಾವು ಅವರ ವಿದ್ಯೆಯನ್ನೇ ಮರೆತಿದ್ದೆವು.

ಮನೆಯಲ್ಲಿ ಬೇರೆ ವಾದಗಳೂ ಎದ್ದುವು. ಮೂತಿಯ ಮೇಲೆ ಹುಲಿಯ ಬಾಯಿ ಬರೆಯಬೇಕೆಂದು ಮಕ್ಕಳ ಆಸೆ. ಬೇರೆಯವರ ವಿಮಾನಗಳಲ್ಲಿ ಅದು ಇರಬಹುದು. ಇದರಲ್ಲಿ ಇತ್ತೆಂಬುದಕ್ಕೆ ಆಧಾರವಿಲ್ಲದುದರಿಂದ ಬೇಡವೆಂದೆವು. ಬಾಲದ ಬಳಿ ವಿಮಾನದ ಸಂಖ್ಯೆಯನ್ನು ಬರೆಯುವ ಜಾಗವುಂಟು. ನಮ್ಮಲ್ಲಿದ್ದ ಕಾಗದಗಳಲ್ಲಿ ಅದು ಇರಲಿಲ್ಲ. ಯಾವುದಾದರೊಂದು ಸಂಖ್ಯೆ ಬರೆ, ಯಾರಿಗೆ ತಿಳಿಯುತ್ತದೆ ಎಂದರು. ಯಾವುದಾದರೊಂದು ಎಂದರೆ ಅದು ಇನ್ನಾರೋ ಇಬ್ಬರ ವಿಮಾನವಾಗುತ್ತದೆ. ಅವರ ಮನೆಯಲ್ಲಿಯೂ ಒಬ್ಬ ಅಕ್ಕ ಇದ್ದಾಳು. ಆ ಜಾಗವನ್ನು ಖಾಲಿ ಬಿಟ್ಟೆವು. ಪ್ರಯೋಗದ ಪಟ್ಟಿಯಲ್ಲಿ ಅಳೆಯದ ಅಂಕಿಯನ್ನು ತುಂಬುವ ವಿದ್ಯಾರ್ಥಿಗೆ ನಾವು ಸೊನ್ನೆ ಕೊಡುತ್ತೇವಷ್ಟೆ.

ಬಾಂಬುಗಳ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಯುದ್ಧದ ವಿಮಾನವನ್ನು ಮನೆಯಲ್ಲಿ ಪೂಜೆಗಿಟ್ಟಂತೆ ಇಡುವುದೇ ತಪ್ಪು, ಅದು ಹಿಂಸೆಯ ಅಲಂಕಾರವೆಂದು ಗಾಂಧೀವಾದಿಗಳಾದ ಹಿರಿಯರೊಬ್ಬರು ನೊಂದು ನುಡಿದರು. ಆ ಮಾತನ್ನು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಹಾಗಾದರೆ ಬಾಂಬುಗಳನ್ನು ತೆಗೆದು ಬರಿಯ ವಿಮಾನವನ್ನು ಇಡೋಣವೆಂದು ಮನೆಯವರು ಸಂಧಾನ ಸೂಚಿಸಿದರು. ನಮಗೆ ತೋರುವಂತೆ ಅದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಮಾವ ವಿಹಾರಕ್ಕೆ ಹೋಗಿರಲಿಲ್ಲ. ಆ ಬಾಂಬುಗಳು ಬೀಳುವಲ್ಲಿಯೂ ಜನರಿದ್ದರು. ಅವನ್ನು ಮರೆಸಿದರೆ ನಮ್ಮವರ ಸಾವನ್ನು ಮಾತ್ರ ನೆನೆದು ಉಳಿದುದನ್ನು ಕಣ್ಣುಮುಚ್ಚಿ ದಾಟಿದಂತೆ. ಒಂದು ಗ್ರಾಮಿನ ಆ ಕಡ್ಡಿಗಳನ್ನು ಅವುಗಳ ಸ್ಥಾನದಲ್ಲಿಯೇ ಅಂಟಿಸಿದೆವು. ಹಿರಿಯರು ಈಗಲೂ ಒಪ್ಪಿಲ್ಲ. ನಮ್ಮ ಮನೆಗೆ ಬಂದಾಗ ಆ ಕಪಾಟಿಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಾರೆ.

ಹೀಗೆ ನಿಷ್ಠುರವಾಗಿ ಕಟ್ಟದಿದ್ದರೆ ಕಟ್ಟುವುದೇ ಬೇಡವೆಂದು ನಮ್ಮ ಅಭಿಪ್ರಾಯ. ಅಂದವಾದ ಆಟಿಕೆ ಬೇಕಿದ್ದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ತೀರಿಹೋದವರ ಹೆಸರಿನಲ್ಲಿ ಕಟ್ಟುವವರು ಮೊದಲು ಅವರ ಆಸನವನ್ನು ಹುಡುಕಲಿ. ರೆಕ್ಕೆ, ಬಾಲ, ಬಣ್ಣಗಳು ಆಮೇಲೆ. ಅವರು ಪೈಲಟರಾಗಿರಲಿಕ್ಕಿಲ್ಲ, ಎಂಜಿನ್ ಬಿಚ್ಚಿ ಜೋಡಿಸುವವರಾಗಿದ್ದಿರಬಹುದು, ಸಾಮಾನು ಸಾಗಿಸುವ ವಿಮಾನದಲ್ಲಿ ಹಿಂದೆ ಕುಳಿತವರಾಗಿದ್ದಿರಬಹುದು. ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು, ಎದುರಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಎಂಬುದನ್ನು ಅಳೆದು ನೋಡಲಿ. ಬೆಂಗಳೂರಿಗೆ ಬಂದ ವಿದ್ಯಾರ್ಥಿಗಳು ಎಚ್.ಎ.ಎಲ್. ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಕ್ಯಾನ್‌ಬೆರಾವನ್ನು ನೋಡಬಹುದು. ಅದರ ಮೂತಿಯ ಕೆಳಗೆ ನಿಂತು ತಮ್ಮ ಭುಜದ ಅಗಲದೊಡನೆ ಹೋಲಿಸಿ ನೋಡಲಿ.

ನಮ್ಮ ಅಜ್ಜಿಗೆ ಎಂಬತ್ತು ದಾಟಿದೆ. ಮಾದರಿ ಮುಗಿದ ದಿನ ಅವರ ಮುಂದಿಟ್ಟು, ಪುಟ್ಟ ಟಾರ್ಚನ್ನು ಮೂತಿಯ ಗಾಜಿಗೆ ಹಿಡಿದೆವು. ಒಳಗೆ ಮೇಜಿನ ಮುಂದೆ ಎರಡೂವರೆ ಸೆಂಟಿಮೀಟರಿನ ಒಬ್ಬ ಮನುಷ್ಯ ಕುಳಿತಿದ್ದಾನೆ. ಅಜ್ಜಿ ಬಹಳ ಹೊತ್ತು ನೋಡಿದರು. “ಇವನು ಹೊರಗೆ ಬರುವುದು ಹೇಗೆ?” ಎಂದು ಕೇಳಿದರು. ಬಲಗಡೆಯ ಬಾಗಿಲನ್ನು ತೋರಿಸಿದೆವು. ಅದನ್ನು ಇನ್ನೂ ಅಂಟಿಸಿರಲಿಲ್ಲ. ಮುಚ್ಚಿ ಅಂಟಿಸಿದರೆ ಒಡಲಿನ ರೇಖೆ ಚೆನ್ನಾಗಿ ಕಾಣುತ್ತದೆಂದು ನಮ್ಮ ಯೋಚನೆಯಿತ್ತು. ತೆರೆದೇ ಇರಲಿ ಎಂದರು. ನೆಲದ ಮೇಲೆ ನಿಂತ ವಿಮಾನದ ಬಾಗಿಲು ತೆರೆದಿರುವುದರಲ್ಲಿ ತಪ್ಪೇನೂ ಇಲ್ಲವಾದುದರಿಂದ ಹಾಗೆಯೇ ಅಂಟಿಸಿದೆವು. ಗಾಜಿನ ಪೆಟ್ಟಿಗೆಯೊಳಗೂ ಧೂಳು ಹೇಗೋ ನುಸುಳಿ ಆ ಬಾಗಿಲಿನಿಂದ ಒಳಗೆ ಹೋಗುತ್ತದೆ. ತಿಂಗಳಿಗೊಮ್ಮೆ ಬಣ್ಣದ ಕುಂಚದಿಂದ ಅದನ್ನು ಗುಡಿಸುತ್ತೇವೆ.